ಹದಿನೇಳು ಗಂಟೆಯ ಏಕಾದಶಿ

ಚೆನ್ನೈಯ ನುಂಗಂಬಾಕ್ಕಂನ ಸಸ್ಯಾಹಾರಿ ಹೋಟೆಲೊಂದರಲ್ಲಿ ಮೂವತ್ತನಾಲ್ಕು ವರ್ಷದಿಂದ ಸಾಂಬಾರು ಕುದಿಸುತ್ತಿರುವ ಸುಶಮೀಂದ್ರ ಭಟ್ಟರಿಗೆ ದೇವರ ಮೇಲೆ ಭಕ್ತಿ ಇತ್ತೋ ಇಲ್ಲವೋ, ತಂಗಿಯ ಮೇಲೆ ಹಟ ಮಾತ್ರ ಧಾರಾಳವಾಗಿತ್ತು. ಏಕಾದಶಿಯ ಸೂರ್ಯೋದಯದಿಂದ ದ್ವಾದಶಿಯ ಸೂರ್ಯೋದಯದವರೆಗೆ ತೊಟ್ಟು ನೀರೂ ಇಲ್ಲದ ಉಪವಾಸ. ಉಡುಪಿಯಲ್ಲಿ ಚಿಕ್ಕವರಿದ್ದಾಗ ಅಣ್ಣತಂಗಿ ಕಟ್ಟಿದ ಪಂದ್ಯ ಅದು. ಐವತ್ತು ವರ್ಷದಲ್ಲಿ ಭಟ್ಟರು ಒಮ್ಮೆಯೂ ಗೆದ್ದಿಲ್ಲ.

ಲಂಡನ್ನಿನಲ್ಲಿರುವ ವಿಮಲಾ ಪ್ರತಿ ದ್ವಾದಶಿಗೂ ಫೋನ್ ಮಾಡುತ್ತಿದ್ದಳು. “ನಾನು ಉಗುಳು ಸಹ ನುಂಗ್ಲಿಲ್ಲ ಅಣ್ಣ. ನೀನು?” ಸಾಂಬಾರಿನ ಉಪ್ಪು ನೋಡಿದ್ದನ್ನು ಒಪ್ಪಿಕೊಂಡು ಭಟ್ಟರು ಸೋಲುತ್ತಿದ್ದರು.

ಏಳು ವರ್ಷದ ಮೇಲೆ ಅವಳು ಊರಿಗೆ ಬರುತ್ತೇನೆಂದಾಗ, ಏಕಾದಶಿಯ ದಿನವೇ ಹೊರಡಬೇಕೆಂದು ಭಟ್ಟರು ಪಟ್ಟು ಹಿಡಿದರು. ಸಪ್ಲಯರ್ ಮೋಹನನ ಫೋನಿನಲ್ಲಿ ಎಲ್ಲ ನೋಡಿಟ್ಟಿದ್ದರು: ಸುಮಾರು ಎಂಟು ಸಾವಿರದ ಇನ್ನೂರು ಕಿಲೋಮೀಟರು, ಹತ್ತೂವರೆ ಗಂಟೆಯ ಹಾರಾಟ. ವಿಮಾನ ಬರುವುದು ಪೂರ್ವಕ್ಕೆ, ಸೂರ್ಯ ಎದುರಿಗೇ ಸಿಗುತ್ತಾನೆ. ಜನವರಿಯ ಲಂಡನ್ನಿನಲ್ಲಿ ಎಂಟು ಗಂಟೆಗೆ ಉಪವಾಸ ಹಿಡಿದವಳಿಗೆ ಚೆನ್ನೈಯಲ್ಲಿ ಆರೂವರೆಗೇ ದ್ವಾದಶಿ. ಒಟ್ಟು ಹದಿನೇಳೇ ಗಂಟೆ! ಭಟ್ಟರದ್ದು ಪೂರಾ ಇಪ್ಪತ್ತನಾಲ್ಕು.

“ಭಟ್ರೇ, ಈ ಲೆಕ್ಕ ದೇವರಿಗೆ ಗೊತ್ತುಂಟಾ?” ಮೋಹನ ಕೇಳಿದ.

“ದೇವರಿಗೆ ಎಂತಕ್ಕೆ? ಅವಳಿಗೆ ಗೊತ್ತಾದ್ರೆ ಸಾಕು.”

ಏಕಾದಶಿಯಂದು ಭಟ್ಟರು ರಜೆ ಹಾಕಿ ಅಡುಗೆಮನೆಯ ಕಡೆ ತಲೆಯೂ ಹಾಕಲಿಲ್ಲ. ಮರುದಿನ ಐದೂವರೆಗೆ ವಿಮಾನ ನಿಲ್ದಾಣದ ಹೊರಗೆ ನಿಂತಾಗ ತುಟಿ ಒಡೆದು, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಖುಷಿಗೆ ಮಾತ್ರ ಬರವಿರಲಿಲ್ಲ.

ಐದು ನಲವತ್ತಕ್ಕೆ ವಿಮಲಾ ಹೊರಬಂದಳು. ಒಂದು ಕೈಯಲ್ಲಿ ಟ್ರಾಲಿ, ಇನ್ನೊಂದರಲ್ಲಿ ಕಾಫಿ. ಅಣ್ಣನನ್ನು ಕಂಡದ್ದೇ ಲೋಟವನ್ನು ಬೆನ್ನ ಹಿಂದೆ ಅಡಗಿಸಲು ಹೋಗಿ ಸೀರೆಯ ಮೇಲೆ ಅರ್ಧ ಚೆಲ್ಲಿಕೊಂಡಳು.

“ಆರು ವರ್ಷ ಆಯ್ತು ಅಣ್ಣ, ಉಪವಾಸ ಬಿಟ್ಟು,” ಎಂದಳು. “ಶುಗರ್ ಒಮ್ಮೆಲೇ ಇಳೀತದೆ, ಡಾಕ್ಟ್ರು ಬೇಡ ಅಂದ್ರು. ಫೋನಲ್ಲಿ ಹೇಳಿದ್ದೆಲ್ಲ ಸುಳ್ಳು. ಸೋತೆ ಅಂತ ಹೇಳಿದ್ರೆ ಮತ್ತೆ ನಮ್ಗೆ ಮಾತಾಡ್ಲಿಕ್ಕೆ ಎಂತ ಉಂಟು?”

ಆರು ವರ್ಷ ಕಾಫಿ ಹೀರುತ್ತ ಕೂತವಳ ಎದುರು ಸೋತೆನಲ್ಲ ಎಂದು ಭಟ್ಟರಿಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದವರು, ಅವಳು ಸೀರೆಯ ಕಾಫಿ ಕಲೆಯನ್ನು ಸೆರಗಿನಿಂದ ಮುಚ್ಚುವುದನ್ನು ಕಂಡು ಮಾತು ಬದಲಿಸಿದರು.

“ನಾನೂ ಬರುವ ದಾರಿಯಲ್ಲಿ ಒಂದು ಕಾಫಿ ಹೊಡ್ದೇ ಬಂದೆ, ಮಾರಾಯ್ತಿ.”

“ಸುಳ್ಳು. ತುಟಿ ನೋಡು ನಿಂದು.”

ಸೂರ್ಯೋದಯಕ್ಕೆ ಇನ್ನು ಐವತ್ತು ನಿಮಿಷವಿತ್ತು. ಭಟ್ಟರು ಅವಳ ಕೈಯಿಂದ ಲೋಟ ಕಿತ್ತುಕೊಂಡು, ಉಳಿದದ್ದನ್ನು ಒಂದೇ ಗುಟುಕಿಗೆ ಕುಡಿದು ಬಾಯಿ ಒರೆಸಿಕೊಂಡರು.

“ಬರುವ ದ್ವಾದಶಿಗೂ ಫೋನ್ ಮಾಡು,” ಎಂದರು. “ಯಾರು ಎಷ್ಟು ಕಾಫಿ ಕುಡ್ದದ್ದು ಅಂತ ನೋಡುವ.”