ಒಳಗಿನ ಗಾಲಿ

ರುದ್ರವ್ವನ ಗಾಡಿಗೆ ಆರು ಗಾಲಿ. ಮುಂದೆ ಎರಡು, ಹಿಂದೆ ಎರಡು ಬದಿಗೂ ಜೋಡಿ, ಒಳಗೊಂದು ಹೊರಗೊಂದು. ಇಂಥ ಪಿಕಪ್ಪನ್ನು ಇಲ್ಲಿ, ಈ ಪರದೇಶದಲ್ಲಿ, ಡ್ಯುಯಲಿ ಅನ್ನುತ್ತಾರೆ. ರುದ್ರವ್ವ 'ನನ್ನ ಗಾಡಿ' ಅನ್ನುತ್ತಿದ್ದರು. ಆದರೆ ಅದರ ಕಾಗದ ಇದ್ದದ್ದು ಗಂಡನ ಅಣ್ಣ ಬಸವಂತಪ್ಪನವರ ಹೆಸರಿನಲ್ಲಿ. ಅವರು ಯಾವತ್ತು ಬೇಕಾದರೂ ಮಾರಬಹುದಿತ್ತು. ಮಾರುತ್ತೇನೆ ಎಂದು ೨೦೧೭ರ ಬೇಸಿಗೆಯಿಡೀ ಹೇಳುತ್ತಲೂ ಇದ್ದರು.

ನಾನು ಆಗ ಮಾಲ್ಟನ್ನಿನಲ್ಲಿ ರುದ್ರವ್ವನ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ವಿಮಾನಗಳು ಸೂರಿನ ಮೇಲೇ ಇಳಿಯುತ್ತವೇನೋ ಅನ್ನಿಸುವ ಮನೆ. ನನ್ನ ಕಿಟಕಿ ನೆಲಮಟ್ಟದಲ್ಲಿತ್ತು. ಬೆಳಿಗ್ಗೆ ಅದರಲ್ಲಿ ಕಾಣುತ್ತಿದ್ದದ್ದು ಆಕಾಶವಲ್ಲ, ಆ ಗಾಡಿಯ ಹಿಂದಿನ ಗಾಲಿಗಳು. ಅವು ಉರುಳಿ ಹೋದ ಮೇಲೆಯೇ ನನಗೆ ಬೆಳಗಾಗುತ್ತಿತ್ತು.

ರುದ್ರವ್ವ ಬೈಲಹೊಂಗಲದ ಕಡೆಯವರು. ಮದುವೆಯಾಗಿ ಬಂದ ಮೇಲೆ ಬಹಳ ವರ್ಷ ಒಂದು ಗೋದಾಮಿನಲ್ಲಿ ಶಾಂಪೂ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬಿದರು. ಅಲ್ಲಿ ಬಾತ್‌ರೂಮಿಗೆ ಹೋಗಬೇಕಾದರೂ ಕೈ ಎತ್ತಿ ಕೇಳಬೇಕಿತ್ತು. ಒಂದು ದಿನ ಎತ್ತಿದರು. ಸೂಪರ್‌ವೈಸರು ನೋಡಿಯೂ ನೋಡದವನಂತೆ ನಿಂತ. ಎತ್ತಿದ ಕೈಯನ್ನು ಇಳಿಸದೆ, ಹಾಗೆಯೇ ಬಾಗಿಲು ದಾಟಿ ಹೊರಗೆ ಬಂದುಬಿಟ್ಟರು. "ಆ ಕೈ ಸ್ಟೇರಿಂಗ್ ಹಿಡದ ಮ್ಯಾಲೇ ಇಳೀತು ನೋಡವ್ವಾ" ಎಂದು ನನಗೆ ಹೇಳಿ ನಗುತ್ತಿದ್ದರು.

ಬಸವಂತಪ್ಪನವರು ಯಾವುದೋ ವ್ಯಾಪಾರಕ್ಕೆಂದು ಕೊಂಡು, ವ್ಯಾಪಾರ ಕೈಗೂಡದೆ ನಿಲ್ಲಿಸಿದ್ದ ಪಿಕಪ್ ಅದು. ರುದ್ರವ್ವ ಅದಕ್ಕೆ ಟ್ರೇಲರ್ ಕಟ್ಟಿ, ಯಂತ್ರ ಬಾಡಿಗೆಗೆ ಕೊಡುವ ಒಂದು ಯಾರ್ಡಿನಿಂದ ಮಣ್ಣು ಅಗೆಯುವ ಯಂತ್ರಗಳನ್ನು ಆರೆಂಜ್‌ವಿಲ್, ಶೆಲ್ಬರ್ನ್ ಕಡೆಯ ತೋಟಗಳಿಗೆ ಮುಟ್ಟಿಸತೊಡಗಿದರು. ಮೊದಲು ಸಣ್ಣ ಯಂತ್ರಗಳಿದ್ದವು, ಬರಬರುತ್ತ ದೊಡ್ಡವು ಬಂದವು. ಗಾಡಿಗೆ ಶಕ್ತಿಯಿತ್ತು, ಟೈರಿಗಿರಲಿಲ್ಲ. ಆ ಬೇಸಿಗೆಯಲ್ಲಿ ಹೆದ್ದಾರಿಯ ಮೇಲೆ ಎರಡು ಸಲ ಟೈರ್ ಸಿಡಿಯಿತು. ಎರಡನೆಯ ಸಲ ಅದರ ಚೂರು ಹಿಂದಿನ ಗಾಲಿಯ ಮೇಲಿನ ತಗಡನ್ನೇ ಹರಿದುಹಾಕಿತು. ಲಾರಿಗೆ ಹಾಕುವಂಥ ದಪ್ಪ ಬದಿಯ ಟೈರು, ಅದಕ್ಕೊಪ್ಪುವ ದೊಡ್ಡ ಗಾಲಿ, ಆರನ್ನೂ ಬದಲಿಸಿಬಿಡುತ್ತೇನೆ ಎಂದು ರುದ್ರವ್ವ ತೀರ್ಮಾನಿಸಿದರು.

ಸುದ್ದಿ ಕೇಳಿ ಬಸವಂತಪ್ಪ ರಿಚ್ಮಂಡ್ ಹಿಲ್‌ನಿಂದ ಬಂದರು. ರುದ್ರವ್ವನ ಗಂಡ ಅಮರೇಶ ಏರ್‌ಪೋರ್ಟಿನ ಶಿಫ್ಟ್ ಮುಗಿಸಿ ಬಂದು ಸೋಫಾದ ಮೇಲೆ ಕೂತಿದ್ದರು. ಅಣ್ಣನ ಎದುರು ಅವರು ಯಾವಾಗಲೂ ಟಿವಿ ನೋಡುತ್ತಿದ್ದರು, ಟಿವಿ ಹಚ್ಚಿರಲಿ ಬಿಡಲಿ.

"ಪಿಕಪ್ಪಿಗೆ ಲಾರಿ ಗಾಲಿ ಹಾಕ್ತಾಳಂತ!" ಎಂದರು ಬಸವಂತಪ್ಪ. "ನಾಳೆ ವಿಮಾನದ ಗಾಲಿ ಹಾಕ್ತೀ ಏನು? ಏರ್‌ಪೋರ್ಟ್ ಹತ್ರಾನ ಐತಿ."

"ಅಳತಿಗೆ ಬಂದ್ರ ಹಾಕ್ತೀನ್ರಿ ಭಾವಾರ."

"ಓಕ್‌ವಿಲ್‌ದಾಗ ಗಾಡಿಗೆ ಗಿರಾಕಿ ಕಾಯಾಕತ್ತಾನ. ಒಂದು ಟ್ರಿಪ್ ನೋಡ್ತೀನಿ. ಗಾಲೀದು ಏನರ ತಕರಾರು ಬಂತು, ಗಾಡಿ ಮಾರೂದ. ತಿಳೀತೇನು?"

"ತಿಳೀತ್ರಿ. ಚಹಾ ಕುಡೀರಿ, ಆರ್ತದ."

ಇಲ್ಲಿ ನಮ್ಮ ಹಬ್ಬಗಳು ಶನಿವಾರಕ್ಕೆ ಕಾಯುತ್ತವೆ. ಖಂಡೇನವಮಿಯ ಆಯುಧಪೂಜೆಯೂ ಶನಿವಾರಕ್ಕೆ ಬಂತು. ಗಾಲಿ ಕೂಡಿಸುವುದನ್ನೂ ಅದೇ ದಿನಕ್ಕೆ ಇಟ್ಟುಕೊಂಡಿದ್ದರು. ಟೈರ್ ಅಂಗಡಿ ಹುಬ್ಬಳ್ಳಿಯ ಸುರೇಶನದು, ಮನೆಯಿಂದ ನಾಲ್ಕು ಬೀದಿ ಆಚೆ. ರುದ್ರವ್ವನ ಅತ್ತೆ ದ್ಯಾಮವ್ವ ವಿಭೂತಿ, ಅರಿಶಿನ, ಕುಂಕುಮ, ನಿಂಬೆಹಣ್ಣಿನ ತಟ್ಟೆ ಹಿಡಿದು ಜೊತೆಗೆ ಬಂದರು. ಚಹಾದ ಫ್ಲಾಸ್ಕ್ ನನ್ನ ಕೈಯಲ್ಲಿತ್ತು.

ಹಳೆಯ ಗಾಲಿಗಳನ್ನು ಕಳಚಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದರು. ಸುರೇಶನೂ ರುದ್ರವ್ವನೂ ಒಳಗೆ ಹೊಸ ಟೈರುಗಳನ್ನು ಗಾಲಿಗೆ ಏರಿಸುತ್ತಿದ್ದರು. ದ್ಯಾಮವ್ವ ಗಾಡಿಯ ಹಿಂದೆ ಹೋಗಿ ಬಗ್ಗಿ ನೋಡಿದರು. ಗಾಲಿ ಕೂರುವ ಕಬ್ಬಿಣದ ಮುಖ ಬರಿದಾಗಿ ಕಾಣುತ್ತಿತ್ತು.

"ಹೊರಗಿನ ಗಾಲಿಗೆ ಎಲ್ಲಾರೂ ಪೂಜಿ ಮಾಡ್ತಾರ" ಎಂದರು ನನ್ನ ಕಡೆ ತಿರುಗಿ. "ಒಳಗಿಂದಕ್ಕ ಯಾರು ಮಾಡ್ತಾರ? ಒಮ್ಮೆ ಕೂಡ್ಸಿದ್ರ ಅದರ ಮಾರಿ ಯಾರಿಗೂ ಕಾಣಂಗಿಲ್ಲ. ಭಾರ ಎಲ್ಲಾ ಅದರ ಮ್ಯಾಲ."

ಅರಿಶಿನವನ್ನೂ ವಿಭೂತಿಯನ್ನೂ ಎಣ್ಣೆಯಲ್ಲಿ ಕಲಸಿ, ಹಿಂದಿನ ಎರಡೂ ಕಡೆಯ ಆ ಕಬ್ಬಿಣದ ಮುಖಕ್ಕೆ ಮೂರು ಬೆರಳಿನಿಂದ ದಪ್ಪಗೆ ಎಳೆದರು. ಒಳಗಾಲಿಗಳನ್ನು ಹೊರಗೆ ತಂದಾಗ ಅವುಗಳ ಎರಡೂ ಮೈಗೆ ಬಳಿದರು. ಮುಂದಿನ ಗಾಲಿಗಳನ್ನು ಮುಟ್ಟಲಿಲ್ಲ. ಅವಕ್ಕೆ ಮರೆ ಇರಲಿಲ್ಲವಲ್ಲ.

ಗಾಲಿ ಎತ್ತಿಕೊಂಡು ಬಂದ ಸುರೇಶ ನಿಂತ. "ಅಕ್ಕಾರ, ಇಲ್ಲಿ ಏನೂ ಇರಬಾರ್ದ್ರಿ. ಕಬ್ಬಿಣಕ್ಕ ಕಬ್ಬಿಣ ಹತ್ತಬೇಕು. ಒರೆಸ್ಲ್ಯಾ?"

ರುದ್ರವ್ವ ಅತ್ತೆಯ ಕಡೆ ನೋಡಿದರು. ಬಕೆಟ್ ಬೋರಲು ಹಾಕಿ ಕೂತಿದ್ದ ದ್ಯಾಮವ್ವ, ಎಣ್ಣೆಯ ಬೆರಳುಗಳನ್ನು ಸೀರೆಗೆ ತಾಗದಂತೆ ದೂರ ಹಿಡಿದಿದ್ದರು. ಆ ಮನೆಯಲ್ಲಿ ಗಾಡಿಯ ಪರವಾಗಿ ಎತ್ತಿದ ಇನ್ನೊಂದು ಕೈ ಅದೊಂದೇ.

"ಇರ್ಲಿ ಬಿಡೋ. ಎಷ್ಟರದು ಅದು" ಎಂದರು ರುದ್ರವ್ವ.

ಸುರೇಶ ಒಪ್ಪದ ಮುಖದಲ್ಲೇ ಗಾಲಿ ಕೂಡಿಸಿದ. "ಸೋಮವಾರ ಲೋಡ್ ಹಾಕಿ ಒಂದಿಷ್ಟು ದೂರ ಹೋದ ಮ್ಯಾಲ ನಿಂದರಿಸ್ರಿ. ಎಲ್ಲಾ ನಟ್ಟೂ ಮತ್ತೊಮ್ಮೆ ಬಿಗಿ ಮಾಡ್ರಿ. ಮರೀಬ್ಯಾಡ್ರಿ" ಎಂದ.

ಗಾಡಿ ಒಂದು ಗೇಣು ಬೆಳೆದಂತೆ ಕಂಡಿತು. ಮನೆಗೆ ಬಂದಾಗ ನನ್ನ ಕಿಟಕಿ ಇನ್ನಷ್ಟು ಕತ್ತಲಾಯಿತು.

ಸೋಮವಾರದ ಕತೆಯನ್ನು ರುದ್ರವ್ವ ಆಮೇಲೆ ನನಗೆ ಹೇಳಿದರು. ದೊಡ್ಡ ಯಂತ್ರ ಹೇರಿಕೊಂಡು ಹೊರಟರು. ಗಾಡಿ ಅಲುಗದೆ, ಬಾಗದೆ, ನೆಲ ಕಚ್ಚಿ ಓಡಿತು. ಆರೆಂಜ್‌ವಿಲ್ ಬಂದಾಗ ಕಾಫಿ ಅಂಗಡಿಯೊಂದರ ಹಿಂದಿನ ಬಯಲಿನಲ್ಲಿ ನಿಲ್ಲಿಸಿ, ಉದ್ದನೆಯ ಟಾರ್ಕ್ ರೆಂಚ್ ತೆಗೆದರು. ನಟ್ಟು ಸಾಕಷ್ಟು ಬಿಗಿಯಾದರೆ ಅದು ಟಕ್ ಎನ್ನುತ್ತದೆ. ಮುಂದಿನ ಗಾಲಿಗಳು ಟಕ್ ಟಕ್ ಎಂದವು. ಹಿಂದಿನ ನಟ್ಟಿಗೆ ಹಾಕಿದರೆ ಸದ್ದೇ ಇಲ್ಲ, ಸುಮ್ಮನೆ ತಿರುಗಿತು. ಇನ್ನೊಂದು, ಅದೂ ತಿರುಗಿತು. ಎರಡೂ ಬದಿ ಹಾಗೆಯೇ. ನಟ್ಟಿನ ಸುತ್ತ ಹಳದಿ ಎಣ್ಣೆ ಒಸರಿ, ಧೂಳು ಹಿಡಿದು ಗೆರೆಯಾಗಿತ್ತು.

ಬಿಗಿ ಮಾಡಿಕೊಂಡು ಹೊರಡಬಹುದಿತ್ತು. ಆದರೆ ಒಳಗಿನ ಎಣ್ಣೆಮುದ್ದೆ ಇರುವ ತನಕ ನಟ್ಟು ಮತ್ತೆ ಸಡಿಲಾಗುತ್ತದೆ. ಸಡಿಲಾದ ಗಾಲಿ ಹೆದ್ದಾರಿಯಲ್ಲಿ ಕಳಚಿದರೆ ಎದುರಿನಿಂದ ಬರುವ ಯಾರ ಮೇಲೋ ಹೋಗಿ ಬೀಳುತ್ತದೆ. ರುದ್ರವ್ವ ಯಾರ್ಡಿಗೆ ಫೋನ್ ಮಾಡಿದರು.

"ಬಹೆನ್‌ಜೀ, ತೋಟದವನು ಕಾಯ್ತಿದ್ದಾನೆ! ಬೇರೆ ಗಾಡಿ ಕಳಿಸ್ಲಾ?" ಎಂದು ಯಾರ್ಡಿನ ಸರ್ದಾರ್‌ಜಿ ಹಿಂದಿಯಲ್ಲಿ ಕೂಗಿದರು.

"ಕಳಿಸಬೇಡಿ. ತಡವಾಗಿ ಬರ್ತೀನಿ. ಆದರೆ ನಾನೇ ಬರ್ತೀನಿ."

ಟ್ರೇಲರ್ ಕಳಚಿ ನಿಲ್ಲಿಸಿದರು. ಜಾಕ್ ಕೊಟ್ಟು ಗಾಡಿ ಎತ್ತಿದರು. ಹೊಸ ಗಾಲಿ ಒಬ್ಬರೇ ಎತ್ತುವ ಭಾರವಲ್ಲ. ಹಾರೆಯಿಂದ ಮೀಟಿ, ಮೊಣಕಾಲು ಕೊಟ್ಟು, ಒಂದೊಂದಾಗಿ ಹೊರಗೆ ಜಾರಿಸಿದರು. ಕಾಫಿ ಹಿಡಿದು ಹೊರಬಂದವನೊಬ್ಬ ನಿಂತು ನೋಡಿದ.

"ನಿನ್ನ ಗಂಡ ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಕೆಲಸಕ್ಕೆ ಹೋಗಿದ್ದಾನೆ. ನಿನ್ನ ಹೆಂಡತಿ ಎಲ್ಲಿ?"

ಅವನು ನಗುತ್ತ ಹೋಗಿಬಿಟ್ಟ.

ಒಳಗಾಲಿ ಹೊರಬಂದಾಗ ಕಬ್ಬಿಣದ ಮೇಲೆ ಅತ್ತೆಯ ಮೂರು ಬೆರಳಿನ ಗುರುತು ಹಿಂಡಿ ಹರಡಿ, ಇನ್ನೂ ಇತ್ತು. ರುದ್ರವ್ವ ಅದನ್ನು ಬೆರಳಿನಿಂದ ಮುಟ್ಟಿ ಹಣೆಗೆ ಹಚ್ಚಿಕೊಂಡರು. ಆಮೇಲೆ ಚಿಂದಿ ತೆಗೆದುಕೊಂಡು, ಕಬ್ಬಿಣ ಬೆಳ್ಳಗಾಗುವ ತನಕ ಉಜ್ಜಿದರು. ಎರಡೂ ಬದಿ. ಗಾಲಿ ಕೂಡಿಸಿ ರೆಂಚ್ ಹಾಕಿದಾಗ ಪ್ರತಿ ನಟ್ಟೂ ಟಕ್ ಎಂದಿತು.

ಯಂತ್ರ ಮುಟ್ಟಿಸಿ ರುದ್ರವ್ವ ಸಂಜೆ ಮನೆಗೆ ಬಂದಾಗ ಬಸವಂತಪ್ಪ ಬಾಗಿಲಲ್ಲೇ ಇದ್ದರು. ನಾನು ಬಾಡಿಗೆ ಕೊಡಲು ಮೇಲೆ ಹೋಗಿದ್ದೆ.

"ಯಾಕ ತಡ?"

"ಹಿಂದಿನ ನಟ್ ಸಡಲಾಗಿದ್ವು. ಗಾಲಿ ತೆಗೆದು ಮತ್ತ ಹಾಕಿದೆ."

"ನಾ ಹೇಳಿದ್ದಿಲ್ಲ? ಪಿಕಪ್ಪಿಗೆ ಲಾರಿ ಗಾಲಿ ತಡೀತೈತೇನು? ಮುಗೀತು. ಗಿರಾಕಿ ನಾಳೆ ಬೆಳಿಗ್ಗೆ ಬರ್ತಾನ."

ದ್ಯಾಮವ್ವ ಸೊಸೆಯ ಮುಖವನ್ನೇ ನೋಡುತ್ತಿದ್ದರು. "ಹಣಿಗೆ ಏನವ್ವಾ ಅದು? ಕರ್ರಗ, ಹಳದಿ?"

ರುದ್ರವ್ವ ಹಣೆ ಮುಟ್ಟಿಕೊಂಡರು. "ನೀವು ಹಚ್ಚಿದ್ದ ಅತ್ತಿ. ಒಳಗಿಂದು."

ಮುದುಕಿ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿದರು. "ಮುಂದಿನೂ ಸಡಲಾಗಿದ್ವೇನು?"

"ಇಲ್ರಿ."

"ಮುಂದ ನಾ ಹಚ್ಚಿದ್ದಿಲ್ಲ." ಮಗನ ಕಡೆ ತಿರುಗಿದರು. "ತಪ್ಪು ನಂದೋ ಬಸವಂತ. ಗಾಲೀದಲ್ಲ."

"ತಪ್ಪು ನಂದೂ ಐತಿ. ಸುರೇಶ ಒರೆಸ್ತೀನಂದ, ನಾ ಬ್ಯಾಡಂದೆ" ಎಂದರು ರುದ್ರವ್ವ. "ಗಾಲೀದಂತೂ ಅಲ್ಲ."

"ಯಾರದರ ಆಗ್ಲಿ" ಎಂದು ಬಸವಂತಪ್ಪ ಹೊರಟುಹೋದರು.

ಮಂಗಳವಾರ ಬೆಳಿಗ್ಗೆ ನನ್ನ ಕಿಟಕಿಯಲ್ಲಿ ಗಾಲಿಗಳು ಮಾತ್ರವಲ್ಲ, ಅವುಗಳ ಹಿಂದೆ ಅಡ್ಡಲಾಗಿ ನಿಂತ ಬಸವಂತಪ್ಪನವರ ಕಾರೂ ಕಾಣಿಸಿತು. ಪಕ್ಕದಲ್ಲಿ ಅವರ ಹೊಳೆಯುವ ಬೂಟು. ಆಮೇಲೆ ರುದ್ರವ್ವನ ಕೆಲಸದ ಬೂಟುಗಳು ಬಂದವು. ಅವು ಅವಸರ ಮಾಡಲಿಲ್ಲ. ಒಂದೊಂದು ಗಾಲಿಯ ಬಳಿ ನಿಂತವು. ಟಕ್. ಟಕ್. ಯಾವ ನಟ್ಟೂ ಕದಲಲಿಲ್ಲ.

"ಭಾವಾರ, ಕಾರು ತಗೀರಿ. ಲೋಡ್ ಐತಿ."

"ಕಾಗದ ನನ್ನ ಹೆಸರಿನ್ಯಾಗ ಐತಿ. ಗಿರಾಕಿ ಈಗ ಬರ್ತಾನ."

"ಇರ್ಲಿ. ಗಾಲಿ ಆರೂ ನನ್ನವು, ನನ್ನ ದುಡಿಮಿಯವು. ಹಳೇವು ಸುರೇಶನ ಅಂಗಡ್ಯಾಗ ಬಿದ್ದಾವು, ಎರಡು ಒಡದದ್ದು. ಮಾರೂದಿದ್ರ ಅವನ್ನ ಹಾಕಿ ಮಾರ್ರಿ. ನನ್ನವು ನಾ ಬಿಚ್ಕೋತೀನಿ. ಬಿಚ್ಚೂದು ನಿನ್ನೆ ಛಲೋ ಕಲ್ತೀನಿ. ಆದ್ರ ಇವತ್ತಲ್ಲ. ಇವತ್ತ ಲೋಡ್ ಐತಿ."

ಹೊಳೆಯುವ ಬೂಟು ಕದಲಲಿಲ್ಲ. ಆಗ ಹವಾಯಿ ಚಪ್ಪಲಿಯ ಎರಡು ಪಾದಗಳು, ಸೀರೆಯ ಅಂಚು ಎಳೆದುಕೊಂಡು, ನಿಧಾನವಾಗಿ ಬಂದವು.

"ಹೊರಗ ಹಚ್ಲೇನವ್ವಾ?"

"ಹೊರಗ ಎಷ್ಟ್ ಬೇಕಾದ್ರೂ ಹಚ್ಚಿರಿ ಅತ್ತಿ."

ದಪ್ಪ ಕರಿಯ ಟೈರಿನ ಮೇಲೆ ಮೂರು ಬೆರಳು ಎಳೆದ ಬಿಳಿ ಗೆರೆಗಳು ಮೂಡಿದವು. ದ್ಯಾಮವ್ವನ ಪಾದಗಳು ತಿರುಗಿ ಮಗನ ಬೂಟಿನ ಎದುರು ನಿಂತವು.

"ಬಸವಂತ, ಕಾರು ತಗಿ. ನಾನೂ ಹೊಂಟೀನಿ ಆಕಿ ಜೊತಿ. ಆ ಸೀಟು ಎತ್ತರ ಆಗೇತಿ, ಹತ್ತಾಕ ಕೈ ಕೊಡು ಬಾ."

ಬೂಟು ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಕಾರಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಕಾರು ಹಿಂದಕ್ಕೆ ಸರಿಯಿತು. ಬೂಟು ಮರಳಿ ಬಂದು ಗಾಡಿಯ ಬಾಗಿಲ ಬಳಿ ನಿಂತಿತು. ಹವಾಯಿ ಚಪ್ಪಲಿಗಳು ಒಂದೊಂದಾಗಿ ಮೇಲೆ ಹೋದವು. ಗಾಲಿಗಳು ಉರುಳಿದವು, ಬಿಳಿ ಗೆರೆ ಸುತ್ತಿ ಸುತ್ತಿ ಮಾಯವಾಯಿತು. ನನ್ನ ಕೋಣೆಗೆ ಬೆಳಕು ಬಂತು.