ಕೋಳಿಯಕ್ಕನ ಗೋಣಿಚೀಲ
"ಜನ ಮುಖ ನೋಡಿ ಮಣೆ ಹಾಕ್ತಾರೆ, ನಮ್ಮ ಕೋಳಿಯಕ್ಕ ಕಾಲು ನೋಡಿ ಹಾಕ್ತಾಳೆ" ಎಂದು ನೆರೆಹೊರೆಯವರು ನಗುತ್ತಿದ್ದರು. ಕಾಲು ಅಗಲಿಸಿ ಬಿದ್ದ ಕೋಳಿಮರಿಯನ್ನು ಯಾರೇ ತರಲಿ, ಅಕ್ಕ ಅದನ್ನು ಅಂಗೈಯಲ್ಲಿ ಕೂರಿಸಿಕೊಂಡು, ಮೂಳೆ ಮುರಿದಿಲ್ಲವೆಂದು ಸವರಿ ನೋಡಿ, ತಂದವನನ್ನೇ ವಿಚಾರಿಸುವಳು: "ಪೆಟ್ಟಿಗೆಗೆ ಪೇಪರ್ ಹಾಸಿದ್ದೆ ತಾನೇ?" "ಹೂಂ ಅಕ್ಕ, ಚೊಕ್ಕಟವಾಗಿರ್ಲಿ ಅಂತ." "ಜಾರೋ ನೆಲ ಕೊಟ್ಟು ಕಾಲನ್ನ ಬೈತೀಯಲ್ಲೋ ಪುಣ್ಯಾತ್ಮ. ಗೋಣಿ ಹಾಸು." ಆಮೇಲೆ ತನ್ನ ಸ್ವೆಟರಿನ ತೋಳಿನಿಂದಲೇ ಉಣ್ಣೆ ಎಳೆದು, ನಡುವೆ ಸಂದು ಬಿಟ್ಟು, ಮತ್ತೆ ಅಗಲದಂತೆ ಮರಿಯ ಎರಡೂ ಕಾಲನ್ನು ಸಡಿಲವಾಗಿ ಕಟ್ಟುವಳು. ಮರಿಗಳು ಎದ್ದು ಓಡಿದಂತೆಲ್ಲ ಆ ತೋಳು ಮೊಣಕೈ ದಾಟಿ ಹೆಗಲೇರಿತು. ಊರಿನ ಅರ್ಧ ಹುಂಜಗಳು ಅಕ್ಕನ ಸ್ವೆಟರಿನ ಬಲದಲ್ಲೇ ನಿಂತಿವೆ ಎಂಬ ಮಾತು ಹುಟ್ಟಿತು. ಒಂದು ದಿನ ದೂರದ ಊರಿನಲ್ಲಿದ್ದ ಅಕ್ಕನ ಮಗಳು ಫೋನಿನಲ್ಲಿ ಅತ್ತಳು: "ಕಾಲು ಗಟ್ಟಿಯಾಗೇ ಇದೆ ಅಂತಾರಮ್ಮ ಡಾಕ್ಟ್ರು. ಆದ್ರೂ ಪಾಪು ಒಂದ್ಸಲ ಜಾರಿಬಿದ್ದಿದ್ದೇ, ನಿಲ್ಲೋದನ್ನೇ ಬಿಟ್ಟುಬಿಟ್ಟಿದೆ." "ನಿಮ್ಮನೆ ನೆಲ ಕನ್ನಡಿ ಥರ ಹೊಳೆಯುತ್ತಲ್ವೇನೇ?" ಎಂದಷ್ಟೇ ಕೇಳಿದ ಅಕ್ಕ, ಮರುದಿನವೇ ಕೋಳಿಗಳನ್ನೂ ಬೀಗದ ಕೈಯನ್ನೂ ಪಕ್ಕದ ಮನೆಯವಳಿಗೆ ಒಪ್ಪಿಸಿದಳು. "ಮತ್ತೆ ಯಾವಾಗ ಬರ್ತೀಯಕ್ಕ?" "ಬರೋದಿಲ್ಲ ಕಣೇ. ಪಾಪು ನಡೆಯೋಕೆ ಕಲಿತ್ಮೇಲೆ ಹಿಂದೆ ಓಡೋಕೆ ಯಾರಾದ್ರೂ ಬೇಕಲ್ಲ." ಒಂಟಿ ತೋಳಿನ ಸ್ವೆಟರ್ ತೊಟ್ಟು, ಒಗೆದು ಮಡಿಸಿದ ಗೋಣಿಚೀಲವನ್ನು ಕಂಕುಳಲ್ಲಿ ಇರುಕಿಕೊಂಡು, ಅಕ್ಕ ಹೊಸ್ತಿಲು ದಾಟಿದಳು.