ದೊಡ್ಡ ಬಾಗಿಲ ಮುಂದೆ ನಿಂತವರು

ಹಳೆಯ ಕೋಟು ಬಿಚ್ಚಿ ಹೊಸದರಂತೆ ಹೊಲಿದುಕೊಡುವುದರಲ್ಲಿ ನಮ್ಮ ಚರ್ಚಿನ ಟೈಲರಮ್ಮನದು ಪಳಗಿದ ಕೈ. ಗಂಡ ಹೋದ ಮೇಲೆ ಮೆಷಿನ್ ತುಳಿದೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದಳು. ಗಿರಾಕಿಗಳಿಗೆ ಫೋನಿನಲ್ಲಿ ಮಾದರಿ ತೋರಿಸುತ್ತಲೇ ವೆಬ್‌ಸೈಟ್ ಮಾಡುವುದನ್ನೂ ಕಲಿತಳು. ಗುರುವಿಲ್ಲದೆ ಕಲಿತವರೆಂದರೆ ನನಗೆ ಗೌರವ; ಮರಗೆಲಸವನ್ನೂ ಅಕ್ಷರವನ್ನೂ ನಾನು ಕಲಿತದ್ದು ಹಾಗೆಯೇ. ಆದರೂ ಅವಳ ಮೇಲೆ ಮೊದಲು ಅನುಮಾನಪಟ್ಟವನು ನಾನೇ.

ಭಾನುವಾರದ ಆರಾಧನೆಗೆ ಇಪ್ಪತ್ತು ತಲೆ ಸೇರುತ್ತಿರಲಿಲ್ಲ. ಇನ್ನೂ ಇಳಿದರೆ ಚರ್ಚು ಮುಚ್ಚಬೇಕಾದೀತೆಂದು ಪಾಸ್ಟರು ಹೇಳಿದಾಗ ಟೈಲರಮ್ಮ ಎದ್ದಳು. "ಇಂಟರ್ನೆಟ್ಟಲ್ಲಿ ಬಿಟ್ಟಿ ಸಿಗೋ ಜಾಗದಲ್ಲಿ ಚರ್ಚಿಗೊಂದು ಪುಟ ಮಾಡ್ತೀನಿ. ಹೊಸಬರು ಈಗ ಫೋನಲ್ಲೇ ಹುಡುಕೋದು."

ನೋಟ್‌ಬುಕ್ಕು ಹಿಡಿದು ಮೂರು ವಾರ ಸುತ್ತಿದಳು. ಬೆಂಚು ಎಷ್ಟು, ಯಾರು ಯಾವಾಗ ಬರುತ್ತಾರೆ, ಕೀಲಿಕೈ ಯಾರ ಬಳಿ.

"ಕೀಲಿಕೈ ವಿಚಾರ ನಿನ್ನ ಪುಟಕ್ಕೆ ಯಾಕಮ್ಮ?" ಎಂದೆ.

"ಬಾಗಿಲು ತೆಗೆಯೋ ಹೊತ್ತನ್ನ ಕೀಲಿ ಇಟ್ಕೊಂಡೋರನ್ನೇ ಕೇಳ್ಬೇಕಲ್ವಾ ಮಾಮ? ಬೆಂಚನ್ನ ಕೇಳ್ಲಾ?"

ಉತ್ತರ ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿದ್ದದ್ದೇ ನನಗೆ ಸರಿಬರಲಿಲ್ಲ.

ಪುಟ ಬಂದ ಮರುವಾರವೇ ಅಪರಿಚಿತರು ಕಾಣಿಸಿಕೊಂಡರು. ಗಂಡ ಹೆಂಡತಿ ಇಬ್ಬರು ರಸ್ತೆ ಬದಿಯ ದೊಡ್ಡ ಬಾಗಿಲ ಮುಂದೆ ನಿಂತು, ಫೋನು ನೋಡಿ, ಗೋಡೆ ನೋಡಿ, ಪಿಸುಗುಟ್ಟಿಕೊಂಡು ಹೋದದ್ದನ್ನು ಕಿಟಕಿಯಿಂದ ಕಂಡೆ. ಮುಂದಿನ ವಾರ ಬೇರೆ ಮೂವರು. ನನ್ನ ತಲೆಯಲ್ಲಿ ಹುಳ ಹೊಕ್ಕಿತು: ಇವಳು ಚರ್ಚಿನ ಕಟ್ಟಡ ಮಾರಿಸಲು ಗಿರಾಕಿ ಕರೆಸುತ್ತಿದ್ದಾಳೆ. ಗಂಟೆ ಹೊಡೆಯುವವನ ಕಿವಿಗೆ ಹಾಕಿದೆ. ಅವನು ಎಲ್ಲರ ಕಿವಿಗೂ ಹಾಕಿದ. ಟೈಲರಮ್ಮನ ಬೆಂಚಿನಲ್ಲಿ ಅವಳೊಬ್ಬಳೇ ಉಳಿದಳು. ಪುಟ ತೆಗೆಸಬೇಕೆಂದು ನಾವು ಹಿರಿಯರು ಅವಳನ್ನೂ ಕರೆಸಿ ಕೂತೆವು.

"ನಿಂತು ನೋಡ್ಕೊಂಡು ಹೋಗೋರು ಯಾರು? ಕೊಳ್ಳೋರಾ?" ಎಂದು ಕೇಳಿಯೇ ಬಿಟ್ಟೆ.

"ಎಲ್ಲಿ ನಿಂತಿದ್ರು?"

"ದೊಡ್ಡ ಬಾಗಿಲ ಹತ್ರ."

ಅವಳು ಹಣೆಗೆ ಕೈಯಿಟ್ಟುಕೊಂಡಳು. "ಅದು ತೆಗೆಯೋಕೆ ಬರಲ್ಲ ಅಂತ ನಾನು ಬರೀಲೇ ಇಲ್ಲ."

ಹಲಗೆ ಉಬ್ಬಿ ಆ ಬಾಗಿಲು ಕಚ್ಚಿಕೊಂಡು ಹನ್ನೆರಡು ವರ್ಷ. ಬಡಗಿಯಾದ ನಾನೂ ಕೈ ಹಚ್ಚಿರಲಿಲ್ಲ. ಪಕ್ಕದ ಸಣ್ಣ ಬಾಗಿಲಲ್ಲಿ ನುಸುಳಿ ನುಸುಳಿ ನಮಗೆಲ್ಲ ಅದೇ ಬಾಗಿಲಾಗಿತ್ತು. ಪುಟದಲ್ಲಿ ಮಾತ್ರ ಚೆಂದಕ್ಕೆಂದು ದೊಡ್ಡದರ ಚಿತ್ರ. ಆರಾಧನೆಗೆ ಬಂದವರು ಚರ್ಚೇ ಮುಚ್ಚಿದೆಯೆಂದು ತಿರುಗಿ ಹೋಗಿದ್ದರು.

"ಹೊರಗೆ ಬಂದು ಒಂದು ಮಾತು ಕೇಳ್ಬಾರದಿತ್ತಾ ಮಾಮ?" ದನಿ ಏರಿಸಲಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಪುಟ ಇರಲಿ ಎಂದು ಮೊದಲು ಕೈಯೆತ್ತಿದೆ. ಪಕ್ಕದ ಬಾಗಿಲಿಂದ ಬನ್ನಿ ಎಂಬ ಸಾಲನ್ನು ಅವಳು ಅಲ್ಲೇ ಸೇರಿಸಿದಳು. ದಾರಿ ಕೇಳುವವರಿಗೆ ಒಂದು ನಂಬರ್ ಬೇಕೆಂದಳು.

"ನಂದು ಹಾಕು," ಎಂದೆ.

ಟೈಲರಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ಫೋನ್ ಮಾಡಿದೋರನ್ನ ಜಾಲಾಡಲ್ಲ ತಾನೆ?"

"ಇಲ್ಲಮ್ಮ."

ನಂಬರನ್ನು ನನ್ನಿಂದ ಎರಡು ಸಲ ಹೇಳಿಸಿ, ರಿಂಗ್ ಕೊಟ್ಟು, ನನ್ನ ಜೇಬಿನಲ್ಲಿ ಫೋನು ರಿಂಗಣಿಸಿದ್ದನ್ನು ಕಿವಿಯಾರೆ ಕೇಳಿದ ಮೇಲೆಯೇ ಪುಟಕ್ಕೆ ಹಾಕಿದಳು.